ವ್ಯಾಮ್! ಬ್ಯಾಂಡಿನ ‘ದಿ ಫೈನಲ್’: ಇರೋದೇ ಎರಡು ಆಲ್ಬಮ್, ಹಿಟ್ಸ್ ಸಂಗ್ರಹ ಬೇರೆ ಬೇಕಾ?

ಪಕ್ಕವಾದ್ಯ:

ಎಲ್ಲರಿಗೂ ನಮಸ್ಕಾರ. ವ್ಯಾಮ್! ಬ್ಯಾಂಡಿನ ಹಿಟ್ಸ್ ಸಂಗ್ರಹ ಒಂದನ್ನು ಕೊಳ್ಳುವ ಯೋಚನೆ ಇದೆ. ಜಾರ್ಜ್ ಮೈಕೆಲ್ ಮತ್ತು ಆಂಡ್ರ್ಯೂ ರಿಜ್ಲಿ ಎಂಬ ಈ ಬ್ರಿಟಿಷ್ ಪಾಪ್ ಜೋಡಿಯ ಮೊದಲ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾದ ಹಾಡು) ಬಂದದ್ದು 1982ರಲ್ಲಿ, ಬಾಗಿಲು ಹಾಕಿದ್ದು 1986ರಲ್ಲಿ. ನಾಲ್ಕು ವರ್ಷ, ಬ್ರಿಟನ್ನಿನಲ್ಲಿ ಎರಡೇ ಸ್ಟುಡಿಯೋ ಆಲ್ಬಮ್. ಇಷ್ಟು ಕಡಿಮೆ ಹಾಡಿರುವವರಿಗೆ ‘ಅತ್ಯುತ್ತಮ ಹಾಡುಗಳು’ ಅಂತ ಒಂದು ಸಂಗ್ರಹ ಯಾಕೆ? ಎರಡು ಆಲ್ಬಮ್ಮನ್ನೇ ತಗೊಂಡರೆ ಎಲ್ಲವೂ ಬಂದಂತಾಗುವುದಿಲ್ಲವೇ? ಮಾರುಕಟ್ಟೆಯಲ್ಲಿ ಮೂರು ಸಂಗ್ರಹ ಕಾಣಿಸುತ್ತಿವೆ: 1986ರ ‘ದಿ ಫೈನಲ್’, 1997ರ ‘ಇಫ್ ಯು ವರ್ ದೇರ್’, 2023ರ ‘ದಿ ಸಿಂಗಲ್ಸ್: ಎಕೋಸ್ ಫ್ರಮ್ ದಿ ಎಡ್ಜ್ ಆಫ್ ಹೆವನ್’. ಯಾವುದು? ಸಿಡಿಯೋ ಎಲ್‌ಪಿಯೋ (ಸೂಜಿ ಇಟ್ಟು ಕೇಳುವ ದೊಡ್ಡ ರೆಕಾರ್ಡ್) ಇನ್ನೂ ತೀರ್ಮಾನಿಸಿಲ್ಲ, ಎರಡಕ್ಕೂ ಪ್ಲೇಯರ್ ಇದೆ.

ಬಿ-ಸೈಡ್:

ಸರ್, ನಿಮ್ಮ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ.

‘ಫೆಂಟಾಸ್ಟಿಕ್’ (1983): ಎಂಟು ಹಾಡು. ಅದರಲ್ಲಿ ನಾಲ್ಕು ಸಿಂಗಲ್ಸ್: ‘ವ್ಯಾಮ್ ರ್‍ಯಾಪ್’, ‘ಯಂಗ್ ಗನ್ಸ್’, ‘ಬ್ಯಾಡ್ ಬಾಯ್ಸ್’, ‘ಕ್ಲಬ್ ಟ್ರಾಪಿಕಾನಾ’. ಉಳಿದ ನಾಲ್ಕರಲ್ಲಿ ‘ಲವ್ ಮಷೀನ್’ ಅವರದಲ್ಲ, ಮಿರಕಲ್ಸ್ ತಂಡದ ಹಳೇ ಹಾಡು.

‘ಮೇಕ್ ಇಟ್ ಬಿಗ್’ (1984): ಮತ್ತೆ ಎಂಟು. ಮತ್ತೆ ನಾಲ್ಕು ಹಿಟ್: ‘ವೇಕ್ ಮಿ ಅಪ್ ಬಿಫೋರ್ ಯು ಗೋ-ಗೋ’, ‘ಎವ್ರಿಥಿಂಗ್ ಶಿ ವಾಂಟ್ಸ್’, ‘ಫ್ರೀಡಮ್’, ‘ಕೇರ್‌ಲೆಸ್ ವಿಸ್ಪರ್’. ಇಲ್ಲೂ ಒಂದು ಎರವಲು ಇದೆ, ‘ಇಫ್ ಯು ವರ್ ದೇರ್’, ಐಸ್ಲಿ ಬ್ರದರ್ಸ್ ಅವರದು.

ಈಗ ಈ ಹದಿನಾರರಲ್ಲಿ ‘ಲಾಸ್ಟ್ ಕ್ರಿಸ್‌ಮಸ್’ ಹುಡುಕಿ. ಇಲ್ಲ. ‘ಐ ಆಮ್ ಯುವರ್ ಮ್ಯಾನ್’ ಇಲ್ಲ. ‘ದಿ ಎಡ್ಜ್ ಆಫ್ ಹೆವನ್’ ಇಲ್ಲ. ‘ಎ ಡಿಫರೆಂಟ್ ಕಾರ್ನರ್’, ‘ಬ್ಯಾಟಲ್‌ಸ್ಟೇಷನ್ಸ್’, ‘ವೇರ್ ಡಿಡ್ ಯುವರ್ ಹಾರ್ಟ್ ಗೋ’, ಯಾವುದೂ ಇಲ್ಲ. ಇವೆಲ್ಲ 1984ರ ಕೊನೆಯಿಂದ 1986ರವರೆಗೆ ಬಂದವು, ಬ್ರಿಟನ್ನಿನಲ್ಲಿ ಯಾವ ಸ್ಟುಡಿಯೋ ಆಲ್ಬಮ್ಮಿಗೂ ಸೇರಲಿಲ್ಲ. ಅಮೆರಿಕ ಮತ್ತು ಜಪಾನಿನಲ್ಲಿ ಇವನ್ನು ಒಟ್ಟು ಮಾಡಿ ‘ಮ್ಯೂಸಿಕ್ ಫ್ರಮ್ ದಿ ಎಡ್ಜ್ ಆಫ್ ಹೆವನ್’ ಅಂತ ಮೂರನೇ ಆಲ್ಬಮ್ ತಂದರು. ಬ್ರಿಟನ್ನಿಗೆ ಅದರ ಬದಲು ಕೊಟ್ಟದ್ದೇ ‘ದಿ ಫೈನಲ್’.

ಹಾಗಾಗಿ ಇದನ್ನು ಬರೀ ಹಿಟ್ಸ್ ಸಂಗ್ರಹ ಅಂತ ನೋಡಬೇಡಿ. ಹೊದಿಕೆ ಹಿಟ್ಸ್ ಸಂಗ್ರಹದ್ದು, ಒಳಗಿರುವ ಅರ್ಧ ಸರಕು ಅವರ ಮೂರನೇ ಆಲ್ಬಮ್. ಎರಡು ಆಲ್ಬಮ್ ಇಟ್ಟುಕೊಂಡವರಿಗೂ ಇದು ಬೇಕು. ಇದೊಂದನ್ನೇ ತಗೊಂಡರೆ ತಪ್ಪಿಹೋಗುವುದು ಎಂಟು ಆಲ್ಬಮ್ ಹಾಡು, ಅದರಲ್ಲಿ ನಿಜಕ್ಕೂ ಕೊರತೆ ಅನ್ನಿಸುವುದು ಎರಡು: ‘ನಥಿಂಗ್ ಲುಕ್ಸ್ ದಿ ಸೇಮ್ ಇನ್ ದಿ ಲೈಟ್’ ಮತ್ತು ‘ಲೈಕ್ ಎ ಬೇಬಿ’. ಜಾರ್ಜ್ ಮೈಕೆಲ್ ಮುಂದೆ ಎಂಥ ನಿಧಾನದ ಹಾಡುಗಳನ್ನು ಬರೆಯಲಿದ್ದಾರೆ ಅನ್ನುವುದರ ಸುಳಿವು ಈ ಎರಡರಲ್ಲಿದೆ. ‘ಕ್ರೆಡಿಟ್ ಕಾರ್ಡ್ ಬೇಬಿ’ ಇಲ್ಲದೆ ಯಾರೂ ಸೊರಗುವುದಿಲ್ಲ.

ಕಡಲ ಕಿವಿ:

ಬಿ-ಸೈಡ್ ಅವರ ಲೆಕ್ಕ ಸರಿಯೇ ಉಂಟು. ಆದರೆ ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ ಮಾರಾಯ್ರೆ: ‘ದಿ ಫೈನಲ್’ನಲ್ಲಿ ಇರುವುದು ಎಲ್ಲಾ ಹಾಡಿನ ರೇಡಿಯೋ ಆವೃತ್ತಿ ಅಲ್ಲ.

‘ಲಾಸ್ಟ್ ಕ್ರಿಸ್‌ಮಸ್’ ಡಿಸೆಂಬರಿನಲ್ಲಿ ಮಾಲ್, ಹೋಟೆಲ್, ಚರ್ಚಿನ ಹಬ್ಬ ಎಲ್ಲಾ ಕಡೆ ಕೇಳುವುದು ಸುಮಾರು ನಾಲ್ಕೂವರೆ ನಿಮಿಷದ್ದು. ‘ದಿ ಫೈನಲ್’ನಲ್ಲಿ ಉಂಟಲ್ಲ, ಅದು ‘ಪುಡಿಂಗ್ ಮಿಕ್ಸ್’, ಆರೂವರೆ ನಿಮಿಷ ದಾಟುತ್ತದೆ, ವಾದ್ಯದ ಭಾಗ ಜಾಸ್ತಿ. ‘ಎವ್ರಿಥಿಂಗ್ ಶಿ ವಾಂಟ್ಸ್’ ಆಲ್ಬಮ್ಮಿನಲ್ಲಿ ಐದು ನಿಮಿಷ, ಇಲ್ಲಿ ರೀಮಿಕ್ಸ್, ಆರು ನಿಮಿಷದ ಮೇಲೆ. ‘ಐ ಆಮ್ ಯುವರ್ ಮ್ಯಾನ್’ ಕೂಡ ಹನ್ನೆರಡು ಇಂಚಿನ ಸಿಂಗಲ್‌ನ ಉದ್ದದ ಆವೃತ್ತಿ. ಇದು ಕೆಲವರಿಗೆ ಹಬ್ಬ, ಕೆಲವರಿಗೆ ತಲೆನೋವು. ಪಾರ್ಟಿಗೆ ಅಂತ ತಗೊಂಡವರು ‘ಹಾಡು ಮುಗಿಯುವುದೇ ಇಲ್ವಾ’ ಅಂತ ಕೇಳುತ್ತಾರೆ.

ನನ್ನ ಪ್ರಕಾರ ಈ ಮೂರರಲ್ಲಿ ಉದ್ದ ಮಾಡಿದ್ದಕ್ಕೆ ಅರ್ಥ ಇರುವುದು ‘ಎವ್ರಿಥಿಂಗ್ ಶಿ ವಾಂಟ್ಸ್’ಗೆ ಮಾತ್ರ. ಡ್ರಮ್ ಮಷೀನಿನ ಒಂದೇ ಲಯ, ಅದರ ಮೇಲೆ ಸಿಂಥ್ ಬೇಸ್, ಮದುವೆಯಾಗಿ ದುಡಿದು ದುಡಿದು ಸೋತವನ ದೂರು. ಎಳೆದಷ್ಟೂ ಆ ಉಸಿರುಗಟ್ಟುವಿಕೆ ಜಾಸ್ತಿ ಆಗುತ್ತದೆ. ‘ಲಾಸ್ಟ್ ಕ್ರಿಸ್‌ಮಸ್’ಗೆ ಎಳೆಯುವ ಅಗತ್ಯ ಇರಲಿಲ್ಲ. ಅದನ್ನು 1984ರ ಆಗಸ್ಟಿನಲ್ಲಿ ಲಂಡನ್ನಿನ ಅಡ್ವಿಷನ್ ಸ್ಟುಡಿಯೋದಲ್ಲಿ ಮಾಡಿದ್ದು, ಲಿನ್‌ಡ್ರಮ್ ಅನ್ನುವ ಡ್ರಮ್ ಮಷೀನು, ರೋಲ್ಯಾಂಡ್ ಜೂನೋ-60 ಸಿಂಥ್, ಮತ್ತೆ ಗೆಜ್ಜೆ. ಎಲ್ಲವನ್ನೂ ನುಡಿಸಿದ್ದು ಜಾರ್ಜ್ ಒಬ್ಬರೇ. ಅಷ್ಟು ಕಡಿಮೆ ಸಾಮಾನಿನಲ್ಲಿ ಕಟ್ಟಿದ ಹಾಡು ನಾಲ್ಕೂವರೆ ನಿಮಿಷಕ್ಕೇ ಚಂದ.

1997ರ ‘ಇಫ್ ಯು ವರ್ ದೇರ್’ ತಗೊಳ್ಳುವ ಮುಂಚೆ ಏನಿಲ್ಲ ಅಂತ ನೋಡಿ. ‘ಕೇರ್‌ಲೆಸ್ ವಿಸ್ಪರ್’ ಇಲ್ಲ! ‘ಎ ಡಿಫರೆಂಟ್ ಕಾರ್ನರ್’ ಇಲ್ಲ. ‘ಬ್ಯಾಡ್ ಬಾಯ್ಸ್’ ಕೂಡ ಇಲ್ಲ. ಮೊದಲ ಎರಡು ಬ್ರಿಟನ್ನಿನಲ್ಲಿ ಜಾರ್ಜ್ ಹೆಸರಿನಲ್ಲೇ ಬಂದ ಸಿಂಗಲ್‌ಗಳು, ಆದ ಕಾರಣ ವ್ಯಾಮ್ ಲೆಕ್ಕಕ್ಕೆ ತಗೊಂಡಿಲ್ಲ ಅನ್ನಬಹುದು. ಅಮೆರಿಕದಲ್ಲಿ ‘ಕೇರ್‌ಲೆಸ್ ವಿಸ್ಪರ್’ ಮೇಲೆ ‘ವ್ಯಾಮ್, ಜೊತೆಗೆ ಜಾರ್ಜ್ ಮೈಕೆಲ್’ ಅಂತ ಹಾಕಿದ್ದರು. ಅದನ್ನು ಬರೆದದ್ದರಲ್ಲಿ ಆಂಡ್ರ್ಯೂ ರಿಜ್ಲಿ ಪಾಲೂ ಉಂಟು. ‘ಬ್ಯಾಡ್ ಬಾಯ್ಸ್’ ಬಗ್ಗೆ ಜಾರ್ಜ್‌ಗೇ ಅಸಡ್ಡೆ ಇತ್ತು, ಅದು ಗುಟ್ಟೇನಲ್ಲ. ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಹೋದ ಹಾಡು ಹಿಟ್ಸ್ ಸಂಗ್ರಹದಲ್ಲಿ ಇಲ್ಲ ಅಂದ್ರೆ ಕೊಳ್ಳುವವರಿಗೆ ಮೋಸ ಅಲ್ವಾ?

ಆದರೂ ಒಂದು ಉಪಾಯ ಉಂಟು. ಜಾರ್ಜ್ ಮೈಕೆಲ್‌ನ 1998ರ ‘ಲೇಡೀಸ್ ಆ್ಯಂಡ್ ಜೆಂಟಲ್‌ಮೆನ್’ ನಿಮ್ಮ ಹತ್ತಿರ ಮೊದಲೇ ಇದ್ದರೆ, ಆ ಎರಡು ಹಾಡೂ ಅದರಲ್ಲಿ ಉಂಟು. ಆಗ 1997ರ ಸಿಡಿ ಸೇರಿಸಿಕೊಂಡರೆ ‘ಬ್ಯಾಡ್ ಬಾಯ್ಸ್’ ಒಂದು ಬಿಟ್ಟು ದೊಡ್ಡ ಹಿಟ್ ಎಲ್ಲಾ ಕೈಗೆ ಬಂದ ಹಾಗೆ.

ಪಕ್ಕವಾದ್ಯ:

ಇಬ್ಬರಿಗೂ ಧನ್ಯವಾದ. ‘ಲೇಡೀಸ್ ಆ್ಯಂಡ್ ಜೆಂಟಲ್‌ಮೆನ್’ ನನ್ನಲ್ಲಿ ಇಲ್ಲ. ಉದ್ದದ ಆವೃತ್ತಿ ನನಗೆ ತೊಂದರೆ ಇಲ್ಲ. ಹಾಗಾದರೆ ‘ದಿ ಫೈನಲ್’ ಕಡೆಗೇ ಮನಸ್ಸು. ಹಳೇ ಡಬಲ್ ಎಲ್‌ಪಿ ಒಂದು, ಹಳೇ ಸಿಡಿ ಒಂದು, ಎರಡೂ ಸಿಗುತ್ತಿವೆ. ಎಲ್‌ಪಿಯವರು ‘ಕಂಡೀಷನ್ ಸೂಪರ್’ ಅಂತಷ್ಟೇ ಹಾಕಿದ್ದಾರೆ. ಏನು ನೋಡಿ ತಗೊಳ್ಳಬೇಕು?

ಹುಬ್ಬಳ್ಳಿ ಸೂಜಿ:

‘ಕಂಡೀಷನ್ ಸೂಪರ್’ ಅನ್ನೋ ಮಾತಿಗೆ ಒಂದು ರೂಪಾಯಿ ಕಿಮ್ಮತ್ತಿಲ್ರಿ. ಫೋಟೋ ಕೇಳ್ರಿ. ಹೊದಿಕೆದಲ್ಲ, ರೆಕಾರ್ಡಿಂದು. ನಾಲ್ಕೂ ಸೈಡು, ಬಲ್ಬಿನ ಬೆಳಕು ಓರೆಯಾಗಿ ಬೀಳಬೇಕು. ನೇರ ಬೆಳಕಿನ್ಯಾಗ ತೆಗೆದ ಫೋಟೋದಾಗ ಗೀರು ಕಾಣಂಗಿಲ್ಲ.

ನೋಡಬೇಕಾದ್ದು ಇಷ್ಟು:

ಕೂದಲೆಳಿಯಂಥ ತೆಳು ಗೀರು ಹೊದಿಕೆಯೊಳಗ ಹಾಕಿ ತೆಗೆದು ಆಗಿರ್ತಾವ, ಅವು ಭಾಳ ಸಲ ಕೇಳಂಗಿಲ್ಲ. ಉಗುರು ಆಡಿಸಿದ್ರ ತಟ್ಟುವಂಥ ಗೀರು ಇದ್ರ ಬ್ಯಾಡ್ರಿ, ಅದು ಪ್ರತಿ ಸುತ್ತಿಗೂ ‘ಟಕ್’ ಅಂತೈತಿ. ನಿಮಿಷಕ್ಕ ಮೂವತ್ತಮೂರು ಸುತ್ತು, ಅಂದ್ರ ಎರಡು ಸೆಕೆಂಡಿಗೆ ಒಂದು ಸರ್ತಿಗಿಂತ ಸ್ವಲ್ಪ ಜಾಸ್ತಿ. ಗೀರು ಗ್ರೂವಿನ (ಸೂಜಿ ಓಡೋ ಸಣ್ಣ ಕಾಲುವಿಯಂಥ ಗೆರಿ) ಗುಂಟ ಉದ್ದಕ ಹೋಗಿದ್ರ ಇನ್ನೂ ಕೆಟ್ಟದ್ದು, ಸೂಜಿ ಅಲ್ಲೇ ಸಿಕ್ಕೊಂಡು ಒಂದೇ ಸಾಲು ಹಾಡ್ಕೋತ ಕುಂದರ್ತದ.

ನಡುವಿನ ತೂತಿನ ಸುತ್ತ ಲೇಬಲ್ ಮ್ಯಾಲೆ ಬಿಳಿ ಗೆರೆ ಭಾಳ ಅದಾವಂದ್ರ, ಆ ರೆಕಾರ್ಡ್ ಭಾಳ ಮಂದಿ ಭಾಳ ಸಲ ಹಾಕ್ಯಾರ ಅಂತ ಅರ್ಥ. ಇದು ಕುಣಿಯೋ ಬ್ಯಾಂಡು, 1986ರಾಗ ಪಾರ್ಟಿದಾಗ ಭಾರದ ಸೂಜಿ ಹಾಕಿ ಉಜ್ಜಿರ್ತಾರ. ನೋಡಾಕ ಹೊಳಪಿದ್ರೂ ಗ್ರೂವ್ ಸವೆದಿರ್ತೈತಿ. ಸವೆದದ್ದು ಫೋಟೋದಾಗ ಕಾಣಂಗಿಲ್ಲ, ಕೇಳೇ ತಿಳಿಬೇಕು. ಆದ್ರಿಂದ ಮಾರೋರಿಗೆ ಹೇಳ್ರಿ: ಪ್ರತಿ ಸೈಡಿನ ಕಡೀ ಹಾಡು ಅರ್ಧ ನಿಮಿಷ ಹಾಕಿ ವಿಡಿಯೋ ಕಳಸ್ರಿ ಅಂತ.

ಕಡೀ ಹಾಡೇ ಯಾಕಂದ್ರ, ರೆಕಾರ್ಡ್ ತಿರುಗೋ ವೇಗ ಒಂದೇ ಇದ್ರೂ ಒಳಗ ಹೋದಂಗ ಸುತ್ತು ಸಣ್ಣದಾಗ್ತೈತಿ. ಒಂದು ಸೆಕೆಂಡಿನ ಸಂಗೀತಕ್ಕ ಹೊರಗ ಸಿಗೋ ಉದ್ದದ ಅರ್ಧಕ್ಕಿಂತ ಕಡಿಮೆ ಜಾಗ ಒಳಗ ಸಿಗ್ತೈತಿ. ಅಲೆಗಳು ಒತ್ತಾಗ್ತಾವ, ಮೊಂಡ ಸೂಜಿ ಅವನ್ನ ಹಿಡಿಯಂಗಿಲ್ಲ. ಮೊದಲು ಕೆಡೋದು ‘ಸ’ ‘ಶ’ ಸದ್ದು, ಹರಿದ ಕಾಗದದಂಗ ಕೇಳಸ್ತೈತಿ. ಇದಕ್ಕ ಒಳ್ಳೆ ಉದಾಹರಣೆ ‘ಮೇಕ್ ಇಟ್ ಬಿಗ್’ ಎಲ್‌ಪಿನ. ಎರಡನೇ ಸೈಡಿನ ಕಡೀ ಹಾಡು ಯಾವುದು? ‘ಕೇರ್‌ಲೆಸ್ ವಿಸ್ಪರ್’, ಆರೂವರೆ ನಿಮಿಷ. ಹೆಸರಿನ್ಯಾಗೇ ‘ಸ’ ತುಂಬ್ಯಾವ, ಮ್ಯಾಲೆ ಸ್ಟೀವ್ ಗ್ರೆಗರಿ ಅವ್ರ ಸ್ಯಾಕ್ಸೋಫೋನ್. ರೆಕಾರ್ಡಿನ ಅತ್ಯಂತ ಸೂಕ್ಷ್ಮ ಹಾಡನ್ನ ಅತ್ಯಂತ ಕೆಟ್ಟ ಜಾಗದಾಗ ಇಟ್ಟಾರ! ‘ದಿ ಫೈನಲ್’ನಾಗ ಈ ಹಾಡು ಸೈಡಿನ ಕಡೀಗಿಲ್ಲ, ಅದಕ್ಕ ಎಲ್‌ಪಿ ಮ್ಯಾಲೆ ಕೇಳೋರಿಗೆ ಈ ಹಾಡಿನ ಮಟ್ಟಿಗೆ ಸಂಗ್ರಹನ ಛಲೋ.

ನಿಮ್ಮ ಕಡೆ ಆಗಬೇಕಾದ್ದು: ಸೂಜಿ ಕೂತಿರೋ ಕಾರ್ಟ್ರಿಜ್ಜಿನ ಕಂಪನಿ ಹೇಳಿದಷ್ಟೇ ಸೂಜಿ ಮ್ಯಾಲೆ ಭಾರ ಇಡ್ರಿ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗ್ರಾಂ. ಕಡಿಮೆ ಇಟ್ರ ರೆಕಾರ್ಡ್ ಉಳಿತೈತಿ ಅಂತ ತಿಳಿಬ್ಯಾಡ್ರಿ. ಹಗುರಾದ ಸೂಜಿ ಗ್ರೂವಿನೊಳಗ ಕುಣಿತೈತಿ, ಗೋಡೆಗೆ ಬಡಿತೈತಿ, ಅದೇ ಜಾಸ್ತಿ ಕೆಡಸ್ತೈತಿ. ಗುಂಡು ತುದಿಯ ಸೂಜಿಗಿಂತ ಎಲಿಪ್ಟಿಕಲ್ (ಮೊಟ್ಟೆಯಾಕಾರದ ತುದಿ) ಸೂಜಿ ಒಳಗಿನ ಗ್ರೂವಿಗೆ ಮೇಲು.

ಬಿ-ಸೈಡ್:

ಸೂಜಿಯವರು ಹೇಳಿದ ಮೇಲೆ ಎಲ್‌ಪಿ ಬಗ್ಗೆ ಸೇರಿಸುವುದು ಹೆಚ್ಚಿಲ್ಲ. ಒಂದು ಎಚ್ಚರಿಕೆ: 1986ರಲ್ಲಿ ‘ದಿ ಫೈನಲ್’ ಬಂಗಾರ ಬಣ್ಣದ ಎಲ್‌ಪಿಗಳ ಪೆಟ್ಟಿಗೆಯಾಗಿಯೂ ಬಂತು. ಅದರೊಳಗೆ ರೆಕಾರ್ಡ್ ಜೊತೆ ಕಾಗದ ಪತ್ರದ ಸಾಮಾನೂ ಇತ್ತು. ಪೆಟ್ಟಿಗೆ ಮಾತ್ರ ಇದ್ದು ಒಳಗಿನದು ಅರ್ಧ ಮಾಯವಾಗಿದ್ದರೂ ಪೂರ್ತಿ ಬೆಲೆ ಕೇಳುವವರಿದ್ದಾರೆ. ಹಾಡು ಕೇಳುವುದಕ್ಕೆ ಮಾಮೂಲಿ ಕಪ್ಪು ರೆಕಾರ್ಡೇ ಸಾಕು, ಬಣ್ಣದಿಂದ ಸದ್ದು ಮೇಲಾಗುವುದಿಲ್ಲ.

ಸಿಡಿ ಆದರೆ ಕೆಲಸ ಸುಲಭ. ಬೆಳಕಿಗೆ ಹಿಡಿದು ನೋಡಿ, ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೆ ಲೋಹದ ಪದರ ಕಿತ್ತಿದೆ. ಓದುವ ಬದಿಯ ಗೀರಿಗಿಂತ ಲೇಬಲ್ ಬದಿಯ ಗೀರಿಗೆ ಹೆದರಬೇಕು, ಏಕೆಂದರೆ ಮಾಹಿತಿ ಇರುವ ಪದರ ಆ ಕಡೆಗೇ ಇದೆ, ಮೇಲೆ ಬರೀ ಮೆರುಗೆಣ್ಣೆ. ಓದುವ ಬದಿಯಲ್ಲಿ ಒಂದು ಮಿಲಿಮೀಟರ್‌ಗಿಂತ ಹೆಚ್ಚು ದಪ್ಪದ ಪಾಲಿಕಾರ್ಬೊನೇಟ್ ಇದೆ, ಅಲ್ಲಿನ ಗೀರನ್ನು ತಿಕ್ಕಿ ಹೋಗಿಸಬಹುದು. ಗೀರು ಕೇಂದ್ರದಿಂದ ಅಂಚಿಗೆ ನೇರವಾಗಿದ್ದರೆ ಪ್ಲೇಯರ್ ದಾಟಿಕೊಳ್ಳುತ್ತದೆ, ಸುತ್ತಿನ ಜೊತೆಗೇ ಬಳಸಿದ್ದರೆ ಎಡವುತ್ತದೆ. ಮನೆಗೆ ಬಂದ ದಿನವೇ ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಸಾಫ್ಟ್‌ವೇರ್‌ನಲ್ಲಿ ಕಂಪ್ಯೂಟರಿಗೆ ಇಳಿಸಿ. ಇಳಿಸಿದ್ದನ್ನು ಬೇರೆಯವರ ಪ್ರತಿಗಳ ಜೊತೆ ತಾಳೆ ನೋಡುವ ಅಕ್ಯುರೇಟ್‌ರಿಪ್ ಹೊಂದಾಣಿಕೆ ತೋರಿಸಿದರೆ ಡಿಸ್ಕ್ ಸರಿಯಿದೆ ಅಂತ ಲೆಕ್ಕ, ದೋಷ ಕಂಡರೆ ಮರಳಿಸುವ ಅವಧಿ ಮುಗಿಯುವುದರೊಳಗೆ ಹೇಳಿ.

ಎಂಬತ್ತರ ದಶಕದ ಸಿಡಿ ಹಾಕಿದಾಗ ‘ಸದ್ದು ಕಡಿಮೆ’ ಅನ್ನಿಸುತ್ತದೆ. ಅದು ದೋಷವಲ್ಲ. ಆಗಿನ ಮಾಸ್ಟರಿಂಗ್‌ನಲ್ಲಿ (ಡಿಸ್ಕ್ ಅಚ್ಚಾಗುವ ಮುಂಚೆ ಸದ್ದನ್ನು ಕೊನೆಯದಾಗಿ ಹದ ಮಾಡುವ ಕೆಲಸ) ಮೆಲುದನಿಗೂ ಜೋರು ದನಿಗೂ ಅಂತರ ಬಿಡುತ್ತಿದ್ದರು. ತೊಂಬತ್ತರ ಕೊನೆಯಿಂದ ಎಲ್ಲವನ್ನೂ ಜೋರಾಗಿಸುವ ಚಾಳಿ ಬೆಳೆಯಿತು. ಎರಡು ಡಿಸ್ಕ್ ಹೋಲಿಸುವಾಗ ಮೊದಲು ವಾಲ್ಯೂಮ್ ಸಮ ಮಾಡಿ, ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಸದ್ದಿನ ಅಲೆ ತೋರಿಸುವ ಅಡಾಸಿಟಿ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಕಣ್ಣಿಗೂ ಕಾಣುತ್ತದೆ: ಅಲೆಯ ತುದಿಗಳು ಚೂಪಾಗಿದ್ದರೆ ಒಳ್ಳೆಯದು, ಕತ್ತರಿಸಿದ ಬೇಲಿಯ ಹಾಗೆ ಚಪ್ಪಟೆಯಾಗಿದ್ದರೆ ಹಿಂಡಿದ್ದಾರೆ.

2023ರದರ ಬಗ್ಗೆ ಯಾರೂ ಹೇಳಲಿಲ್ಲ. ಅದು ನೆಟ್‌ಫ್ಲಿಕ್ಸ್‌ನ ಸಾಕ್ಷ್ಯಚಿತ್ರದ ಬೆನ್ನಿಗೇ, ಅದೇ ಜುಲೈನಲ್ಲಿ ಬಂತು. ಹೊಸದಾಗಿ, ಸೀಲ್ ಹರಿಯದೆ ಬೇಕು ಅನ್ನುವವರಿಗೆ ಅದೇ ಸರಿ. ಹಳೇ ಎಲ್‌ಪಿ ಪರೀಕ್ಷಿಸುವ ತಾಳ್ಮೆ ಇಲ್ಲದವರು ಚಿಂತೆಯಿಲ್ಲದೆ ಅದನ್ನು ತಗೊಳ್ಳಲಿ.

ಕಡಲ ಕಿವಿ:

ಯಾವ ಸಂಗ್ರಹ ಆದರೂ ಹಿಂದಿನ ಹೊದಿಕೆಯಲ್ಲಿ ಹಾಡಿನ ಹೆಸರಿಗಿಂತ ಮೊದಲು ನಿಮಿಷ ಓದಿ ಮಾರಾಯ್ರೆ. ‘ಲಾಸ್ಟ್ ಕ್ರಿಸ್‌ಮಸ್’ ನಾಲ್ಕೂಕಾಲರಿಂದ ನಾಲ್ಕೂವರೆ ಒಳಗೆ ಇದ್ದರೆ ಸಿಂಗಲ್. ಆರೂವರೆ ಮೇಲೆ ಅಂದ್ರೆ ಪುಡಿಂಗ್. ‘ಕೇರ್‌ಲೆಸ್ ವಿಸ್ಪರ್’ ಐದು ನಿಮಿಷದ ಆಸುಪಾಸು ಅಂದ್ರೆ ಕತ್ತರಿಸಿದ್ದು, ಆರೂವರೆ ಅಂದ್ರೆ ಪೂರ್ತಿ. ಹೆಸರಿನ ಎದುರು ’86, ’96, ’97 ಅಂತ ವರ್ಷ ಉಂಟಾದರೆ ಅದು ಮೂಲ ಹಾಡಲ್ಲ. ‘ಐ ಆಮ್ ಯುವರ್ ಮ್ಯಾನ್ ’96’ ಹತ್ತು ವರ್ಷ ಬಿಟ್ಟು ಜಾರ್ಜ್ ಮತ್ತೆ ಹಾಡಿದ್ದು, ಮೂಲದ ಆ ಪುಂಡಾಟಿಕೆ ಅದರಲ್ಲಿ ಇಲ್ಲ.

ಮತ್ತೆ ‘ಕ್ಲಬ್ ಫೆಂಟಾಸ್ಟಿಕ್ ಮೆಗಾಮಿಕ್ಸ್’ ಅಂತ ಒಂದು 1983ರ ಸಿಂಗಲ್ ಕಂಡರೆ ಅದನ್ನು ಹುಡುಕಿ ತರುವ ಕೆಲಸ ಇಲ್ಲ. ಬ್ಯಾಂಡಿಗೂ ಅವರ ರೆಕಾರ್ಡ್ ಕಂಪನಿ ಇನ್ನರ್‌ವಿಷನ್‌ಗೂ ಒಪ್ಪಂದದ ಜಗಳ ನಡೆಯುತ್ತಿದ್ದಾಗ ಕಂಪನಿಯವರು ಇವರ ಒಪ್ಪಿಗೆ ಇಲ್ಲದೆ ‘ಫೆಂಟಾಸ್ಟಿಕ್’ನ ಮೂರು ಹಾಡು ಅಂಟಿಸಿ ಬಿಟ್ಟದ್ದು. ಆಮೇಲೆ ಇವರು ಎಪಿಕ್ ಅನ್ನುವ ಬೇರೆ ಕಂಪನಿಗೆ ಹೋದರು.

ಪಕ್ಕವಾದ್ಯ:

ಮಾರುವವರು ನಾಲ್ಕು ಸೈಡಿನ ಫೋಟೋ, ವಿಡಿಯೋ ಕಳಿಸಿದರು. ಮೂರು ಸೈಡು ಶುಭ್ರ. ಒಂದರಲ್ಲಿ ಸಣ್ಣ ಚಟಪಟ ಇದೆ, ಆದರೆ ಸುತ್ತಿಗೊಂದರಂತೆ ಬರುವ ‘ಟಕ್’ ಅಲ್ಲ. ಬೇರೆ ಊರಿನಿಂದ ಕೊರಿಯರ್‌ನಲ್ಲಿ ಬರಬೇಕು. ತೊಳೆದರೆ ಹೋದೀತೇ?

ಹುಬ್ಬಳ್ಳಿ ಸೂಜಿ:

ಲಯ ಇಲ್ಲದ ಚಟಪಟ ಅಂದ್ರ ಧೂಳು ಇಲ್ಲಾ ಫಂಗಸ್, ಬಹುತೇಕ ಹೋಗ್ತೈತಿ. ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಲೀಟರಿಗೆ ಬಣ್ಣ-ವಾಸನೆ ಇಲ್ಲದ ಪಾತ್ರೆ ಸೋಪು ಒಂದೆರಡು ಹನಿ. ನಳದ ನೀರು ಬ್ಯಾಡ್ರಿ, ಒಣಗಿದ ಮ್ಯಾಲೆ ಅದರ ಸುಣ್ಣ ಗ್ರೂವಿನ್ಯಾಗ ಕುಂತು ಹೊಸ ಚಟಪಟ ಸುರು ಆಗ್ತೈತಿ. ಮೆತ್ತನ ಬ್ರಷ್ ತಗೊಂಡು ಗ್ರೂವಿನ ಗುಂಟ ಸುತ್ತಿಗೆ ಸುತ್ತು ತಿಕ್ರಿ, ಅಡ್ಡ ತಿಕ್ಕಬ್ಯಾಡ್ರಿ. ಲೇಬಲ್ಲಿಗೆ ನೀರು ತಾಗಿಸಬ್ಯಾಡ್ರಿ. ಆಮೇಲೆ ಬರೇ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ ತೊಳೀರಿ, ಇಲ್ಲಂದ್ರ ಸೋಪು ಉಳಿದು ಸೂಜಿ ತುದಿಗೆ ಮೆತ್ತತೈತಿ. ಮೈಕ್ರೋಫೈಬರ್ ಬಟ್ಟಿಲೆ ಒತ್ತಿ, ನೆರಳಾಗ ನಿಲ್ಲಿಸಿ ಒಣಗಿಸ್ರಿ. ಹಳೇ ಒಳಗವಚ ಬಿಸಾಡಿ ಹೊಸದು ಹಾಕ್ರಿ, ಫಂಗಸ್ ಇರೋದು ಆ ಕಾಗದದಾಗೇ.

ಕೊರಿಯರ್ ಮಾಡೋರಿಗೆ ಒಂದು ಮಾತು ಹೇಳ್ರಿ: ರೆಕಾರ್ಡುಗಳನ್ನ ಹೊದಿಕೆ ಒಳಗಿಂದ ತೆಗೆದು, ಒಳಗವಚದ ಸಮೇತ ಹೊದಿಕೆ ಹಿಂದ ಇಟ್ಟು ಕಟ್ಟಲಿ. ಒಳಗೇ ಬಿಟ್ರ ದಾರಿ ಕುಲುಕಾಟಕ್ಕ ರೆಕಾರ್ಡಿನ ಅಂಚು ಹೊದಿಕೆಯ ಹೊಲಿಗಿ ಹರಿತೈತಿ, ಡಬಲ್ ಎಲ್‌ಪಿಗೆ ಭಾರ ಜಾಸ್ತಿ, ಇನ್ನೂ ಬೇಗ ಹರಿತೈತಿ. ಎರಡೂ ಕಡೆ ದಪ್ಪ ರಟ್ಟು, ರೆಕಾರ್ಡಿಗಿಂತ ಒಂದು ಇಂಚು ದೊಡ್ಡದು ಇರಲಿ. ಬಂದ ಮ್ಯಾಲೆ ಮೊದಲು ಆ ಚಟಪಟ ಸೈಡು ತೊಳೆದು ಕೇಳ್ರಿ, ಹೋಗಲಿಲ್ಲಂದ್ರ ಇನ್ನೊಮ್ಮೆ ತೊಳಿಯೂತನ ಸಿಟ್ಟಾಗಬ್ಯಾಡ್ರಿ. ಮೊದಲನೇ ತೊಳಿತಕ್ಕ ಹೊಲಸು ಸಡಿಲಾಗಿರ್ತೈತಿ ಅಷ್ಟ.